ಪುಸ್ತಕ ಹಿಡಿಯುವವಳು

ಯಶಶ್ರೀಯ ಲ್ಯಾಪ್‌ಟಾಪಿನ ದನಿ ಕಟ್ಟಿದೆ ಎಂದು ತಿಳಿದಾಗ ನನಗೆ ಸಂತೋಷವಾಯಿತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ದೇವರ ಮುಂದೆ ಕೂತು ಕಾವ್ಯ ಕೇಳುತ್ತ ಬೆಳೆದವಳು ನಾನು. ಅಂಥವರ ಮನಸ್ಸಿನಲ್ಲಿ ಹೊಟ್ಟೆಕಿಚ್ಚು ಇರಬಾರದು ಎನ್ನುತ್ತಾರೆ. ಇತ್ತು.

ಎರಡು ಸಾವಿರದ ಏಳನೇ ಇಸವಿ, ಕಾರ್ತಿಕದ ಒಂದು ಶನಿವಾರ. ಚಾಮರಾಜಪೇಟೆಯಲ್ಲಿ ನಾನು ಕೆಲಸ ಮಾಡುವ ಡಿಟಿಪಿ ಅಂಗಡಿಗೆ ಅವಳು ಬೆಳಿಗ್ಗೆ ಬಾಗಿಲು ತೆರೆಯುತ್ತಿದ್ದ ಹಾಗೆಯೇ ಬಂದಳು. ಲ್ಯಾಪ್‌ಟಾಪನ್ನು ನನ್ನ ಮೇಜಿನ ಮೇಲೆ, ಮದುವೆ ಕಾರ್ಡಿನ ಪ್ರೂಫುಗಳ ಮೇಲೆಯೇ ಇಟ್ಟಳು.

"ಅಕ್ಕ, ಇದು ಮಾತೇ ಆಡ್ತಿಲ್ಲ. ಪೆನ್‌ಡ್ರೈವಿಂದ ವೈರಸ್ ಬಂದಿತ್ತು. ನಮ್ಮ ಬೀದೀಲಿ ಒಬ್ರು ವಿಂಡೋಸ್ ತೆಗೆದು ಹೊಸದಾಗಿ ಹಾಕ್ಕೊಟ್ರು. ಆವಾಗಿಂದ ಹಿಂಗೆ. ಸೌಂಡೂ ಇಲ್ಲ, ನೆಟ್ಟೂ ಇಲ್ಲ."

"ರೆಕಾರ್ಡಿಂಗೆಲ್ಲ ಹೋಯ್ತಾ?" ಎಂದೆ. ಹೋಯಿತು ಎನ್ನಲಿ ಎಂದು ಕಾದೆನೇನೋ.

"ಇಲ್ಲ ಅಕ್ಕ, ಅವೆಲ್ಲ ಡಿ ಡ್ರೈವಲ್ಲಿವೆ. ಇವೆ, ಆದ್ರೆ ಕೇಳಕ್ಕಾಗಲ್ಲ."

ಪಕ್ಕದ ಮೇಜಿನಿಂದ ಅಂಗಡಿಯ ಮಾಲೀಕರು ನಂಜಪ್ಪನವರು ಕನ್ನಡಕ ಎತ್ತಿ ನೋಡಿದರು. "ಇರೋದೂ ನಿಜ, ಕೇಳ್ಸಲ್ಲ ಅನ್ನೋದೂ ನಿಜ. ದೇವ್ರಿದ್ದಂಗೆ ಬಿಡಮ್ಮ," ಎಂದರು.

ಯಶಶ್ರೀ ನಕ್ಕಳು. ನಾನು ನಗಲಿಲ್ಲ. ಅವಳು ಅಕ್ಕ ಎಂದಾಗಲೆಲ್ಲ ನನಗೆ ಒಳಗೆ ಏನೋ ಚುಚ್ಚುತ್ತದೆ. ನಮ್ಮ ತಂದೆಗೆ ನಾನೊಬ್ಬಳೇ ಮಗಳು.

ನಮ್ಮ ಮನೆಯಲ್ಲಿ ತಂದೆಯನ್ನು ಅಣ್ಣ ಎಂದು ಕರೆಯುವ ರೂಢಿ. ಅಣ್ಣ, ಎಂದರೆ ಊರಿಗೆಲ್ಲ ಚಂದ್ರಶೇಖರಯ್ಯ ಮೇಷ್ಟ್ರು, ಭಾನುವಾರ ಸಂಜೆ ಭಜನೆ ಮಂದಿರದಲ್ಲಿ ಕಾವ್ಯ ವಾಚನ ಮಾಡುತ್ತಾರೆ. ಷಟ್ಪದಿಗಳನ್ನು ರಾಗದಲ್ಲಿ ಓದಿ ಅರ್ಥವನ್ನೂ ತಾವೇ ಹೇಳುತ್ತಾರೆ. ಕಾವ್ಯ ಒಂದು ಸುತ್ತು ಮುಗಿಯಲು ಎರಡು ವರ್ಷ ಹಿಡಿಯುತ್ತದೆ. ಓದುತ್ತಾರೆ ಎಂದೆ, ನಿಜವಾಗಿ ಅವರು ಪುಸ್ತಕ ನೋಡುವುದಿಲ್ಲ. ಅವರ ತಂದೆಯೂ ನೋಡುತ್ತಿರಲಿಲ್ಲವಂತೆ. ಆದರೂ ಪುಸ್ತಕ ಪಕ್ಕದಲ್ಲಿರಬೇಕು. ಅದನ್ನು ತೊಡೆಯ ಮೇಲಿಟ್ಟುಕೊಂಡು, ವಾಚಕರ ಜೊತೆ ಸಾಲಿನ ಮೇಲೆ ಬೆರಳು ಓಡಿಸುತ್ತ, ಅವರು ತಪ್ಪಿದರೆ ಮುಂದಿನ ಎರಡು ಪದ ಮೆಲ್ಲಗೆ ಎತ್ತಿಕೊಡುವವರೊಬ್ಬರು ಇರಬೇಕು. ಇದಕ್ಕೆ ನಾವು ಪುಸ್ತಕ ಹಿಡಿಯುವುದು ಎನ್ನುತ್ತೇವೆ.

ಒಂಬತ್ತನೇ ವಯಸ್ಸಿನಿಂದ ಪುಸ್ತಕ ಹಿಡಿದವಳು ನಾನು. ನನಗೆ ಕಂಠವಿಲ್ಲ. ಹಾಡಿದರೆ ಮನೆಯವರೇ ಏನೋ ನೆಪ ಹೇಳಿ ಎದ್ದುಹೋಗುತ್ತಾರೆ. ಆದರೆ ಕಿವಿ ಇದೆ. ಅಣ್ಣ ಉಸಿರು ತೆಗೆದುಕೊಳ್ಳುವ ರೀತಿಯಿಂದಲೇ ಮುಂದಿನ ಸಾಲು ಅವರಿಗೆ ಸಿಕ್ಕಿದೆಯೋ ಇಲ್ಲವೋ ಹೇಳಬಲ್ಲೆ. ಇಪ್ಪತ್ತೈದು ವರ್ಷದಲ್ಲಿ ಅವರು ತಪ್ಪಿದ್ದು ನಾಲ್ಕೇ ಸಲ. ಯಾವ ಸಂಧಿ, ಯಾವ ಪದ್ಯ, ಆ ದಿನ ಮುಂದಿನ ಸಾಲಿನಲ್ಲಿ ಯಾರು ಕೂತಿದ್ದರು, ನಾಲ್ಕಕ್ಕೂ ಎಲ್ಲ ನೆನಪಿದೆ. ಮದುವೆಯಾಗಿ ಗವಿಪುರಕ್ಕೆ ಹೋದ ಮೇಲೂ ಭಾನುವಾರ ರಾತ್ರಿಯ ಊಟ ಅಣ್ಣನ ಮನೆಯಲ್ಲೇ. ಊಟಕ್ಕೆ ಕೂತಾಗ ಆ ನಾಲ್ಕನ್ನು ಹೇಳಿ ಅವರನ್ನು ನಗಿಸುತ್ತಿದ್ದೆ. ನಗುತ್ತಾರೆ ಎಂದುಕೊಂಡಿದ್ದೆ.

ಯಶಶ್ರೀ ಬಂದದ್ದು ಎರಡು ವರ್ಷದ ಹಿಂದೆ, ಹಿಂದಿನ ಸುತ್ತು ಮುಗಿಯುವ ಹೊತ್ತಿಗೆ. ಬಿನ್ನಿಪೇಟೆಯವಳು. ತಾತ ಹೊಲ ಮಾಡಿಕೊಂಡಿದ್ದರಂತೆ, ತಂದೆ ಮಿಲ್ಲಿನಲ್ಲಿದ್ದರಂತೆ. ಇವಳು ಸಹಕಾರಿ ಬ್ಯಾಂಕಿನಲ್ಲಿ ಕ್ಲರ್ಕು. ಒಂದು ಭಾನುವಾರ ಹಿಂದಿನ ಸಾಲಿನಲ್ಲಿ ಕೂತು ಕೇಳಿದಳು. ಮರುವಾರ ಒಂದು ಪದ್ಯವನ್ನು ಅಣ್ಣನ ರಾಗದಲ್ಲೇ ಹೇಳಿ ತೋರಿಸಿದಳು. ಅಣ್ಣ ಕಣ್ಣು ಮುಚ್ಚಿ ಕೇಳಿದರು. ಅವರು ಕಣ್ಣು ಮುಚ್ಚಿದ್ದನ್ನು ನಾನು ನೋಡಿದೆ. ಯಾರ ಹಾಡಿಗೂ ಅವರು ಹಾಗೆ ಮುಚ್ಚಿದವರಲ್ಲ.

ಆಮೇಲೆ ಅವಳು ಶ್ರುತಿಪೆಟ್ಟಿಗೆಯ ಪಕ್ಕ ಕೂತಳು. ಆಮೇಲೆ, ಆ ಸುತ್ತಿನ ಕೊನೆಯ ಸಂಧಿಗೆ ಮೊದಲೇ, ಯಾರದೋ ಹಳೆಯ ಲ್ಯಾಪ್‌ಟಾಪನ್ನು ಕೊಂಡು ತಂದು ವಾಚನವನ್ನೆಲ್ಲ ರೆಕಾರ್ಡು ಮಾಡತೊಡಗಿದಳು. ಈ ವರ್ಷದ ಆಷಾಢದಲ್ಲಿ ಒಂದು ಭಾನುವಾರ ಅಣ್ಣ ನನ್ನ ಮುಖ ನೋಡದೆ ಹೇಳಿದರು, "ಪುಸ್ತಕ ಇನ್ನು ಯಶಶ್ರೀ ಹಿಡೀಲಿ ಕಣೆ ಸುಪ್ರಜಾ. ನೀನು ವಾರವೆಲ್ಲ ಕಂಪ್ಯೂಟರ್ ನೋಡಿ ಕಣ್ಣು ದಣಿಸ್ಕೊಂಡಿರ್ತೀಯ."

ಕಣ್ಣು ಬರೀ ನೆಪ. ಪುಸ್ತಕವನ್ನು ಅವಳ ಕೈಗೆ ಕೊಟ್ಟೆ. ಅವಳು ಎರಡು ಕೈಯಲ್ಲೂ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಹಾಗೆ ಒತ್ತಿಕೊಂಡದ್ದನ್ನೂ ನನಗೆ ಸಹಿಸಲಾಗಲಿಲ್ಲ. ಮರುವಾರದಿಂದ ನಾನು ಮಂದಿರಕ್ಕೂ ಹೋಗಲಿಲ್ಲ, ಊಟಕ್ಕೂ ಹೋಗಲಿಲ್ಲ. ಮದುವೆ ಕಾರ್ಡಿನ ಕೆಲಸ ಜಾಸ್ತಿ ಎಂದೆ. ಆಷಾಢದಲ್ಲಿ ಯಾರ ಮದುವೆ ಎಂದು ಯಾರೂ ಕೇಳಲಿಲ್ಲ. ಹೀಗೆ ಹದಿನಾರು ಭಾನುವಾರಗಳು ಹೋದವು.

ನಂಜಪ್ಪನವರು ಮಾತ್ರ ತಪ್ಪದೆ ಹೋಗಿ ಸೋಮವಾರ ಬಂದು ವರದಿ ಒಪ್ಪಿಸುತ್ತಿದ್ದರು. "ನಿಮ್ಮ ತಂದೆಯೋರು ಈಚೆಗೆ ರಾಗ ಎಳೆಯೋದು ಏನು ಸೊಗಸಮ್ಮ. ಒಂದು ಸಾಲು ಹೇಳ್ತಾರೆ, ಹಂಗೇ ಕಣ್ಮುಚ್ಕೊಂಡು ಆಲಾಪ. ಮೊದ್ಲು ಹಿಂಗಿರ್ಲಿಲ್ಲ. ಆ ಹುಡುಗಿ ಪಕ್ಕದಲ್ಲಿ ಕೂತ್ಮೇಲೆ ಮೇಷ್ಟ್ರಿಗೆ ಹೊಸ ಹುರುಪು ನೋಡು." ನನ್ನ ಇಪ್ಪತ್ತೈದು ವರ್ಷದಲ್ಲಿ ಅಣ್ಣ ಆಲಾಪ ಮಾಡಿದವರೇ ಅಲ್ಲ. ಕಾವ್ಯಕ್ಕೆ ರಾಗ ಸೇವಕ, ಯಜಮಾನ ಅಲ್ಲ ಎನ್ನುತ್ತಿದ್ದವರು. ಈಗ ಅವಳಿಗೋಸ್ಕರ ಆಲಾಪ.

ಆ ಶನಿವಾರ ಯಶಶ್ರೀ ಇನ್ನೂ ನಿಂತಿದ್ದಾಗಲೇ ಅಂಗಡಿಯ ಫೋನು ಹೊಡೆದುಕೊಂಡಿತು. ಅಣ್ಣ.

"ಯಶಶ್ರೀ ಬಂದ್ಲಾ?"

"ಬಂದಿದಾಳೆ." ನಾಲ್ಕು ತಿಂಗಳ ಮೇಲೆ ಮಗಳಿಗೆ ತಾವಾಗಿ ಫೋನು ಮಾಡಿದರೆ ಮೊದಲು ಕೇಳಿದ್ದು ಇದು.

"ಅವಳ ಪೆಟ್ಟಿಗೆ ಇವತ್ತೇ ಸರಿ ಮಾಡ್ಕೊಡು. ನಾಳೆ ಕೊನೇ ಸಂಧಿ, ಮಂಗಳ. ಅದಿಲ್ದೆ ನಂಗಾಗಲ್ಲ."

"ರೆಕಾರ್ಡ್ ಇಲ್ದೆ ಇಷ್ಟು ವರ್ಷ ಓದ್ಲಿಲ್ವಾ ಅಣ್ಣ?"

"ನೋಡು. ಆದ್ರೆ ಮಾಡು," ಎಂದು ಇಟ್ಟುಬಿಟ್ಟರು.

ಅದಿಲ್ಲದೆ ಆಗುವುದಿಲ್ಲವಂತೆ. ನಾನಿಲ್ಲದೆ ಹದಿನಾರು ವಾರ ಆಗಿತ್ತು. ನನಗೆ ಬೇಕಾಗಿದ್ದದ್ದು ಒಂದೇ. ಮಂಗಳದ ದಿನ ಆ ಪುಸ್ತಕ ನನ್ನ ತೊಡೆಗೆ ವಾಪಸು ಬರಬೇಕು. ಈ ಪೆಟ್ಟಿಗೆ ಮೂಕವಾಗಿಯೇ ಉಳಿದರೆ ಅಣ್ಣ ನನ್ನನ್ನು ಕರೆದಾರು. ಕರೆಯಲೇಬೇಕು.

ಲ್ಯಾಪ್‌ಟಾಪನ್ನು ಆನ್ ಮಾಡಿ ನೋಡಿದೆ. ಯಂತ್ರದ ಭಾಗಗಳ ಪಟ್ಟಿಯಲ್ಲಿ ಎರಡು ಕಡೆ ಹಳದಿ ಪ್ರಶ್ನೆಚಿಹ್ನೆ ಇತ್ತು. ಸ್ಪೀಕರು ಒಳಗೆ ಇದೆ, ನೆಟ್ಟಿನ ಕಾರ್ಡೂ ಇದೆ, ಆದರೆ ಹೊಸದಾಗಿ ಬಂದ ವಿಂಡೋಸ್‌ಗೆ ಅವು ಯಾರು, ಅವುಗಳೊಡನೆ ಹೇಗೆ ವ್ಯವಹರಿಸಬೇಕು ಎಂದು ಗೊತ್ತಿಲ್ಲ. ಅದನ್ನು ತಿಳಿಸಿಕೊಡುವ ಸಣ್ಣ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. ಹಳೆಯ ಡ್ರೈವರುಗಳು ಹಳೆಯ ವಿಂಡೋಸ್ ಜೊತೆಗೇ ಅಳಿಸಿಹೋಗಿದ್ದವು.

"ಇದರ ಜೊತೆ ಒಂದು ಡ್ರೈವರ್ ಸಿಡಿ ಬಂದಿರುತ್ತಲ್ಲ, ಇದೆಯಾ?"

"ಇದೆ ಅಕ್ಕ," ಎಂದು ಬ್ಯಾಗಿನಿಂದ ರವಿಕೆ ಕಣದಲ್ಲಿ ಸುತ್ತಿದ್ದ ಸಿಡಿಯನ್ನು ತೆಗೆದು, ಕೊಡಲೋ ಬೇಡವೋ ಎನ್ನುವ ಹಾಗೆ ಹಿಡಿದಳು.

ಸಿಡಿಯ ಹೊಳೆಯುವ ಕಡೆ ನಡುವಿನ ತೂತಿನ ಸುತ್ತ ಮೂರು ಬೆರಳಿನ ಅರಿಶಿನ ಕುಂಕುಮದ ಗುರುತು. ಮಿಕ್ಕ ಕಡೆಯೆಲ್ಲ ಬೆಕ್ಕು ಕೆರೆದ ಹಾಗೆ ಗೆರೆ.

"ಆಯುಧಪೂಜೇಲಿ ನಮ್ಮಮ್ಮ ಲ್ಯಾಪ್‌ಟಾಪ್ ಜೊತೆ ಇದನ್ನೂ ಇಟ್ಟಿದ್ರು."

"ಇಡ್ಲಿ. ಈ ಕಡೆಗೇ ಯಾಕೆ ಹಚ್ಚಿದ್ರು?"

"ಹೊಳೆಯೋ ಕಡೆನೇ ಮುಖ ಅಂದ್ಕೊಂಡ್ರು ಅಕ್ಕ."

ನಂಜಪ್ಪನವರಿಗೆ ಇದು ಬಹಳ ಹಿಡಿಸಿತು. "ಸರಿಯಾಗೇ ಅಂದ್ಕೊಂಡಿದಾರೆ. ಈ ಗೆರೆಗಳೇನಮ್ಮ, ವಿಭೂತಿಯಾ?"

"ಇಲ್ಲ ಸರ್. ಆಮೇಲೆ ನಾನು ಕೂಗಾಡ್ದೆ. ಅದಕ್ಕೆ ಪಾತ್ರೆ ಪುಡಿ ಹಾಕಿ ಉಜ್ಜಿ ತೊಳೆದ್ರು."

ಸಿಡಿಯನ್ನು ಹಾಕಿದೆ. ಗಾಣದ ಹಾಗೆ ಗರಗರ ತಿರುಗಿ, ಸಾಕಾಗಿ ನಿಂತಿತು. ನಾನು ಒರೆಸಿ ಮತ್ತೊಮ್ಮೆ ಹಾಕಿದೆ, ಅವಳು ನೋಡಲಿ ಎಂದು. ಏನೂ ಓದಲಿಲ್ಲ.

"ಸಿಡಿ ಇಲ್ದೆ ಆಗಲ್ಲ. ಸೋಮವಾರ ಎಲ್ಲಾದ್ರೂ ಹುಡುಕೋಣ," ಎಂದೆ.

"ನಾಳೆ ಮಂಗಳ ಅಕ್ಕ."

"ಗೊತ್ತು."

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಇಲ್ಲೇ ಬಿಟ್ಟಿರ್ತೀನಿ. ಬ್ಯಾಂಕು ಮುಗಿಸ್ಕೊಂಡು ಎರಡೂವರೆಗೆ ಬರ್ತೀನಿ. ಏನಾದ್ರೂ ಹೊಳೆದ್ರೆ ನೋಡಿ," ಎಂದು ಹೋದಳು.

ಸಿಡಿ ಇಲ್ಲದೆಯೂ ದಾರಿ ಇತ್ತು. ನನಗೆ ಗೊತ್ತಿತ್ತು, ಹೇಳಲಿಲ್ಲ. ಆ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಎರಡು ಸಿಸ್ಟಮ್. ಅದನ್ನು ಮಾರಿದವರು ಅರ್ಧ ಡಿಸ್ಕಿನಲ್ಲಿ ವಿಂಡೋಸ್, ಅರ್ಧದಲ್ಲಿ ಲಿನಕ್ಸ್ ಹಾಕಿಟ್ಟಿದ್ದರು. ಆನ್ ಮಾಡಿದಾಗ ಯಾವುದು ಬೇಕೆಂದು ಕೇಳುತ್ತಿತ್ತು. ಅವಳು ಲಿನಕ್ಸ್ ಕಡೆಗೆ ತಲೆ ಹಾಕಿದವಳಲ್ಲ. ವಿಂಡೋಸ್ ಮತ್ತೆ ಹಾಕಿದಾಗ ಅದು ಬಂದು ಬಾಗಿಲಲ್ಲಿ ತಾನೊಬ್ಬನೇ ನಿಂತು, ಯಾವುದು ಬೇಕೆಂದು ಕೇಳುವ ಪಟ್ಟಿಯನ್ನೇ ಅಳಿಸಿಬಿಟ್ಟಿತ್ತು. ಆದರೆ ಒಳಗೆ ಆ ಮನೆ ಹಾಗೇ ಇತ್ತು, ಅದರ ಡ್ರೈವರುಗಳೂ ಸೇರಿದಂತೆ. ಹೊರಗಿನಿಂದ ಬಂದದ್ದು ಬಾಗಿಲಿಗೆ ಅಡ್ಡ ಕೂತರೆ ಒಳಗಿದ್ದವರು ಇಲ್ಲವೆಂದೇ ಆಗುತ್ತದೆ. ಇದು ನನಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ.

ಹಾಗೇ ಮುಚ್ಚಿಡಬಹುದಿತ್ತು. ಮುಚ್ಚುವ ಮೊದಲು ಡಿ ಡ್ರೈವನ್ನು ತೆರೆದೆ. ಭಾನುವಾರದ ತಾರೀಖು ಹಾಕಿ ಒಂದೊಂದು ಫೈಲು. ನಾನು ಹೋಗದ ಹದಿನಾರೂ ಸಾಲಾಗಿ ಇದ್ದವು. ಒಂದೊಂದರ ಪಕ್ಕ ಅದರ ಉದ್ದ ಬರೆದಿತ್ತು, ಎರಡು ಗಂಟೆ, ಎರಡು ಗಂಟೆ ಹತ್ತು ನಿಮಿಷ. ವಾಚನ ಆರರಿಂದ ಏಳೂವರೆ. ನನ್ನ ಕಾಲದಲ್ಲಿ ಒಂದು ದಿನವೂ ಅದು ಮೀರಿಲ್ಲ. ಮಿಕ್ಕ ಅರ್ಧ ಗಂಟೆ ಏನು?

ಏನು ಎಂದರೆ, ಜನ ಎದ್ದುಹೋದ ಮೇಲೆ ಅವಳು ರೆಕಾರ್ಡು ನಿಲ್ಲಿಸಲು ಮರೆತಿದ್ದಾಳೆ. ಇಬ್ಬರೂ ಕೂತು ಮಾತಾಡಿದ್ದಾರೆ. ಹದಿನಾರು ಭಾನುವಾರ, ಅರ್ಧ ಅರ್ಧ ಗಂಟೆ, ಅಣ್ಣ ಅವಳೊಡನೆ ಮಾತಾಡಿದ್ದು ನನ್ನ ಕಣ್ಣ ಮುಂದೆ ಇತ್ತು. ಕೇಳಿಸುತ್ತಿರಲಿಲ್ಲ. ನನಗೆ ಅವರು ಆಷಾಢದಿಂದ ಹೇಳಿದ್ದು ಆವತ್ತಿನ ಫೋನಿನ ನಾಲ್ಕು ಮಾತು.

ಆಗ ನಾನು ಎದ್ದು ಕಪಾಟಿನಿಂದ ಲಿನಕ್ಸ್ ಸಿಡಿಯನ್ನು ತೆಗೆದೆ. ಆ ಪೆಟ್ಟಿಗೆಗೆ ದನಿ ಬರಿಸಿದ್ದು ಅಣ್ಣ ಹೇಳಿದರೆಂದಲ್ಲ, ಅವಳು ಕೇಳಿದಳೆಂದೂ ಅಲ್ಲ.

"ಹೊಳೀತಾ?" ಎಂದರು ನಂಜಪ್ಪನವರು.

"ಹೊಳೀತು."

ಸಿಡಿಯಿಂದ ಯಂತ್ರವನ್ನು ಎಬ್ಬಿಸಿ, ಅಳಿಸಿಹೋಗಿದ್ದ ಪಟ್ಟಿಯನ್ನು ಮತ್ತೆ ಬರೆಸಿದೆ. ಮರುಸಲ ಆನ್ ಮಾಡಿದಾಗ ಎರಡು ಹೆಸರೂ ಬಂದವು. ಲಿನಕ್ಸ್ ಕಡೆಗೆ ಹೋದೆ. ಅಂಗಡಿಯ ನೆಟ್ಟಿನ ತಂತಿ ಚುಚ್ಚಿದ ಕೂಡಲೇ ನೆಟ್ಟು ಬಂತು, ಸೌಂಡೂ ಬಂತು. ಆಸೆಯಿಂದ ಒಂದು ಭಾನುವಾರವನ್ನು ಒತ್ತಿದೆ. ಅವಳು ರೆಕಾರ್ಡು ಮಾಡಿದ್ದ ಬಗೆಯ ಫೈಲನ್ನು ತೆರೆಯಲು ಅದಕ್ಕೆ ಬರಲಿಲ್ಲ. ಒಂದು ಕಡೆ ಬಾಯಿ ಇದೆ, ಅಕ್ಷರ ಗೊತ್ತಿಲ್ಲ. ಇನ್ನೊಂದು ಕಡೆ ಅಕ್ಷರ ಗೊತ್ತು, ಬಾಯಿಲ್ಲ.

ಆದರೆ ಬಾಯಿದ್ದ ಕಡೆ ಒಂದು ಉಪಕಾರವಾಯಿತು. ವಿಂಡೋಸ್‌ನಲ್ಲಿ ಬರೀ ಪ್ರಶ್ನೆಚಿಹ್ನೆಯಾಗಿದ್ದ ಭಾಗಗಳಿಗೆ ಲಿನಕ್ಸ್‌ನಲ್ಲಿ ಹೆಸರಿತ್ತು. ಒಂದು ಸಾಲು ಟೈಪು ಮಾಡಿ ಕೇಳಿದರೆ ಪ್ರತಿಯೊಂದರ ಹೆಸರು, ಅದರ ಮುಂದೆ ಅದರ ನಂಬರು, ಎಲ್ಲ ಒಪ್ಪಿಸಿತು. ಸೌಂಡಿನದು ಎಂಟು ಸೊನ್ನೆ ಎಂಟು ಆರು, ಎರಡು ಏಳು ಡಿ ಎಂಟು. ಬರೆದುಕೊಳ್ಳಲಿಲ್ಲ. ನಾಲ್ಕು ನಾಲ್ಕು ಮಾತ್ರೆಯ ಹಾಗೆ ಎರಡು ಸಲ ಬಾಯಲ್ಲಿ ಹೇಳಿಕೊಂಡೆ, ನಿಂತಿತು. ನೆಟ್ಟಿನಲ್ಲಿ ಆ ನಂಬರಿನ ಮೇಲೆ ಹುಡುಕಿ ವಿಂಡೋಸ್‌ಗೆ ಹೊಂದುವ ಡ್ರೈವರನ್ನು ಇಳಿಸಿಕೊಂಡೆ. ನೆಟ್ಟಿನ ಕಾರ್ಡಿನದೂ ಹಾಗೆಯೇ. ಪೆನ್‌ಡ್ರೈವಿಗೆ ಹಾಕಿಕೊಂಡು ವಿಂಡೋಸ್ ಕಡೆಗೆ ಬಂದೆ.

ನೆಟ್ಟಿನದು ಒಂದೇ ಏಟಿಗೆ ಸರಿಹೋಯಿತು. ಸೌಂಡಿನದು ಅರ್ಧಕ್ಕೆ ಹೋಗಿ, ಈ ಯಂತ್ರದಲ್ಲಿ ಅಂಥ ಭಾಗವೇ ಇಲ್ಲ ಎಂದು ವಾಪಸು ಬಂತು. ಮತ್ತೆ ಹಾಕಿದೆ, ಮತ್ತೆ ಅದೇ. ಊಟದ ಡಬ್ಬಿಯನ್ನೂ ತೆರೆಯಲಿಲ್ಲ. ನಂಜಪ್ಪನವರು ಊಟ ಮುಗಿಸಿ ಕುರ್ಚಿಯಲ್ಲೇ ಕಣ್ಣು ಮುಚ್ಚಿದರು. ಮೂರನೇ ಸಲ ಸೋತ ಮೇಲೆ, ನೆಟ್ಟಿನಲ್ಲಿ ಯಾರೋ ಬರೆದಿದ್ದು ಸಿಕ್ಕಿತು. ಈ ವಿಂಡೋಸ್‌ನಲ್ಲಿ ಸೌಂಡಿನ ಡ್ರೈವರು ನೇರ ಕೂರುವುದಿಲ್ಲ. ಅದರ ಅಡಿಯಲ್ಲಿ ಇನ್ನೊಂದು ಸಣ್ಣ ಡ್ರೈವರು ಮೊದಲು ಕೂರಬೇಕು. ಅದು ತಾನಾಗಿ ಯಾವ ಸದ್ದೂ ಮಾಡುವುದಿಲ್ಲ, ಮೇಲಿನದಕ್ಕೆ ಆಧಾರ ಅಷ್ಟೆ. ಶ್ರುತಿ ಹಿಡಿಯದೆ ಪದ್ಯ ಎತ್ತಿದ ಹಾಗೆ ಆಗಿತ್ತು ನನ್ನ ಕೆಲಸ. ಅಡಿಯದನ್ನು ಹಾಕಿ, ಒಮ್ಮೆ ಆಫ್ ಮಾಡಿ ಆನ್ ಮಾಡಿ, ಮೇಲಿನದನ್ನು ಹಾಕಿದೆ. ಕೊನೆಯ ಹಳದಿ ಚಿಹ್ನೆ ಹೋಯಿತು. ಮತ್ತೊಮ್ಮೆ ಆಫ್ ಮಾಡಿ ಆನ್ ಮಾಡಿದೆ. ವಿಂಡೋಸ್ ಏಳುವಾಗಿನ ಸಂಗೀತ ಅಂಗಡಿ ತುಂಬ ಕೇಳಿ ನಂಜಪ್ಪನವರು ಬೆಚ್ಚಿ ಎದ್ದರು.

"ಬಾಯಿ ಬಂತು ಅನ್ನು."

"ಬಂತು ಸರ್," ಎಂದು ಇಯರ್‌ಫೋನು ಚುಚ್ಚಿಕೊಂಡೆ. ಗಂಟೆ ಒಂದೂಕಾಲು.

ನೇರ ಕೊನೆಯ ಅರ್ಧ ಗಂಟೆಗೆ ಹೋಗಬೇಕೆಂದಿದ್ದೆ. ಆದರೆ ಕೈ ತಪ್ಪಿ ಮೊದಲನೇ ಭಾನುವಾರದ ನಡುವೆ ಒತ್ತಿದೆ. ಸೈನ್ಯದ ಕುದುರೆಗಳ ವರ್ಣನೆ ಓದುತ್ತಿದ್ದರು. ಒಂದೊಂದು ಬಣ್ಣದ ಕುದುರೆಗೆ ಒಂದೊಂದು ಸಾಲು. ಅಣ್ಣನ ದನಿ ಒಂದು ಸಾಲಿನ ತುದಿಗೆ ಬಂದು ನಿಂತಿತು. ಉಸಿರು ತೆಗೆದುಕೊಂಡರು. ಆ ಉಸಿರು ಕೇಳಿದೊಡನೆ ನನ್ನ ಬೆರಳು ಮೇಜಿನ ಮೇಲೆ ನಿಂತುಬಿಟ್ಟಿತು. ಮುಂದಿನ ಕುದುರೆ ಅವರಿಗೆ ಸಿಕ್ಕಿರಲಿಲ್ಲ.

ಅವರು ರಾಗ ಎಳೆದರು. ಎಳೆಯುತ್ತ ಹೋದರು. ಆ ರಾಗದ ಅಡಿಯಲ್ಲಿ, ಮೈಕಿನ ಹತ್ತಿರ ಕೂತಿದ್ದರಿಂದ ಮಾತ್ರ ಕೇಳಿಸುವಷ್ಟು ಸಣ್ಣಗೆ, ಯಶಶ್ರೀ ಎರಡು ಪದ ಎತ್ತಿಕೊಟ್ಟಳು. ಆಲಾಪ ಅಲ್ಲಿಗೆ ಮುಗಿದು ಕುದುರೆ ಓಡಿತು.

ಇದೇ ಆ ಸೊಗಸಾದ ಆಲಾಪ.

ಇನ್ನೊಂದು ಭಾನುವಾರ ತೆಗೆದೆ, ಇನ್ನೊಂದು. ಪೂರ್ತಿ ಕೇಳುವ ಹೊತ್ತಿರಲಿಲ್ಲ. ಪರದೆಯ ಮೇಲೆ ದನಿಯ ಗೆರೆ ಎಲ್ಲಿ ಒಂದೇ ಸಮನೆ ಉದ್ದಕ್ಕೆ ಹೋಗುತ್ತದೆಯೋ ಅಲ್ಲೆಲ್ಲ ನಿಲ್ಲಿಸಿ ಕೇಳಿದೆ. ಮೊದಲ ವಾರ ಒಂದು ಕಡೆ. ಐದನೇ ವಾರ ಮೂರು. ಹೋದ ವಾರ ಎಂಟು. ಎಂಟು ಸಲವೂ ಅವಳು ಅದೇ ದನಿಯಲ್ಲಿ, ಒಂದಿಷ್ಟೂ ಅವಸರವಿಲ್ಲದೆ ಎತ್ತಿಕೊಟ್ಟಿದ್ದಳು. ನನ್ನ ಇಪ್ಪತ್ತೈದು ವರ್ಷದ ಲೆಕ್ಕವನ್ನು ಅವಳು ಒಂದು ಸಂಜೆಯಲ್ಲಿ ಎರಡರಷ್ಟು ಮಾಡಿದ್ದಳು.

ಆಮೇಲೆ ಜನ ಎದ್ದ ಸದ್ದು, ಜಮಖಾನ ಸುತ್ತಿದ ಸದ್ದು. ಆಮೇಲೆ ಅಣ್ಣ.

"ಎಷ್ಟು ಕಡೆ ಆಯ್ತು ಯಶು?"

ಯಶು.

"ಒಂದೇ ಕಡೆ ಮೇಷ್ಟ್ರೇ."

"ಜಾಸ್ತಿ ಅನ್ನಿಸ್ತು."

"ಇಲ್ಲ, ಒಂದೇ. ಅದೂ ಯಾರಿಗೂ ಗೊತ್ತಾಗ್ಲಿಲ್ಲ. ಆಲಾಪ ಚೆನ್ನಾಗಿತ್ತು ಅಂತ ಹೋದ್ರು."

ಅಣ್ಣ ನಕ್ಕ ಹಾಗಾಯಿತು. "ಕೊನೇ ಸಂಧಿ ಬರೋ ವಾರ. ಎರಡು ವರ್ಷದ ಹಿಂದೆ ನಾನು ಓದಿದ್ದು ನಿನ್ನ ಪೆಟ್ಟಿಗೇಲಿ ಇದೆಯಲ್ಲ, ಅದನ್ನ ಶನಿವಾರ ಸಂಜೆ ಎರಡು ಸಲ ಕೇಳಿಸ್ಬಿಡು. ಬೇರೆಯವರು ಹೇಳಿದ್ರೆ ನಿಲ್ತಾ ಇಲ್ಲ. ನನ್ನ ದನೀಲೇ ಕೇಳಿದ್ರೆ ಒಂದು ದಿನ ನಿಲ್ಲುತ್ತೆ."

"ಆಗ್ಲಿ. ಅಕ್ಕಂಗೆ ಹೇಳೋಣ ಮೇಷ್ಟ್ರೇ. ಪಾಪ, ಬೇಜಾರ್ ಮಾಡ್ಕೊಂಡಿದಾರೆ."

"ಬೇಡ. ಅವಳ ಕಿವಿ ನಿಂಗೆ ಗೊತ್ತಿಲ್ಲ. ಎಣಿಸಿಬಿಡ್ತಾಳೆ. ನಾಲ್ಕು ಅಂತ ಇಪ್ಪತ್ತೈದು ವರ್ಷದಿಂದ ಎಣಿಸಿಟ್ಟಿದಾಳೆ. ಐದು ಅಂತ ಅವಳ ಬಾಯಲ್ಲಿ ಕೇಳಕ್ಕೆ ನಂಗೆ ಧೈರ್ಯ ಇಲ್ಲ."

ನಾನು ಇಯರ್‌ಫೋನು ತೆಗೆದೆ. ಅಳು ಬರಬೇಕಾಗಿತ್ತು, ಬಂತು ಕೂಡ. ಆದರೆ ಅದಕ್ಕೆ ಮೊದಲು ಬಂದದ್ದು ಮತ್ತೆ ಅದೇ ಕಿಚ್ಚು. ಎಂಟನ್ನು ಒಂದು ಎನ್ನಲು ಅವಳಿಗೆ ಬಂದಿತ್ತಲ್ಲ. ನನಗೆ ಕೊಟ್ಟಿದ್ದರೆ ಎಂಟು ಎಂದೇ ಹೇಳುತ್ತಿದ್ದೆ. ಸಂಧಿ, ಪದ್ಯ, ಯಾರ್ಯಾರು ಕೂತಿದ್ದರು ಎಲ್ಲ ಸೇರಿಸಿ, ಊಟಕ್ಕೆ ಕೂತಾಗ ಹೇಳುತ್ತಿದ್ದೆ. ಅಣ್ಣ ನನ್ನಿಂದ ಪುಸ್ತಕ ಕಿತ್ತುಕೊಂಡದ್ದಲ್ಲ, ಅದರ ಜೊತೆಗಿದ್ದ ನನ್ನ ಬೆರಳಿಗೆ ಹೆದರಿದ್ದು.

ಎರಡೂವರೆಗೆ ಯಶಶ್ರೀ ಬಂದಳು. ಲ್ಯಾಪ್‌ಟಾಪನ್ನು ಅವಳ ಕಡೆಗೆ ತಿರುಗಿಸಿದೆ.

"ಸರಿ ಹೋಗಿದೆ. ಡ್ರೈವರ್‌ಗಳನ್ನ ಡಿ ಡ್ರೈವಲ್ಲಿ ಬೇರೆ ಇಟ್ಟಿದೀನಿ. ಇನ್ಮೇಲೆ ಸಿಡಿ ಬೇಡ, ಅದನ್ನ ನಿಮ್ಮಮ್ಮಂಗೆ ಕೊಟ್ಬಿಡು, ಪೂಜೆಗೆ ಆಗುತ್ತೆ."

"ಅಯ್ಯೋ ಅಕ್ಕ, ನಿಮ್ಮಿಂದ ದೊಡ್ಡ ಉಪಕಾರ ಆಯ್ತು." ಬ್ಯಾಗಿಗೆ ಹಾಕುತ್ತಿದ್ದವಳು ಜಿಪ್ಪು ಹಿಡಿದು ನಿಂತಳು. "ಯಾವ್ದಾದ್ರೂ ಹಾಕಿ ನೋಡಿದ್ರಾ?"

"ನೋಡಿದೆ. ಚೆನ್ನಾಗಿ ಕೇಳ್ಸುತ್ತೆ."

"ಪೂರ್ತಿನಾ?"

"ಬೇಕಾದಷ್ಟು."

ಅವಳ ಮುಖ ಸಣ್ಣದಾಯಿತು. "ಮೇಷ್ಟ್ರಿಗೆ ಗೊತ್ತಾದ್ರೆ..."

"ನಾನು ಹೇಳಲ್ಲ. ಸಂಜೆ ಎರಡು ಸಲ ಕೇಳಿಸ್ಬೇಕಂತಲ್ಲ, ಹೊರಡು."

ಭಾನುವಾರ ನಾನು ಮಂದಿರಕ್ಕೆ ಹೋದೆ. ಮರುದಿನ ಬಸವನಗುಡಿಯಲ್ಲಿ ಪರಿಷೆ, ದಾರಿಯುದ್ದಕ್ಕೂ ಕಡಲೆಕಾಯಿ ಮೂಟೆ ಇಳಿಸುತ್ತಿದ್ದರು. ಹೆಂಗಸರ ಕಡೆ ಮೂರನೇ ಸಾಲಿನಲ್ಲಿ ಕಂಬಕ್ಕೆ ಒರಗಿ ಕೂತೆ. ಕೈಯಲ್ಲಿ ಏನೂ ಇಲ್ಲದೆ ಆ ಮಂದಿರದಲ್ಲಿ ನಾನು ಕೂತದ್ದು ಅದೇ ಮೊದಲು. ತೊಡೆ ಹಗುರವಾಗಿ ಕೆಟ್ಟದೆನಿಸಿತು. ಅಣ್ಣ ನನ್ನನ್ನು ನೋಡಿದರು, ಶಾಲನ್ನು ಒಮ್ಮೆ ಸರಿಮಾಡಿಕೊಂಡರು. ನಾಲ್ಕು ತಿಂಗಳಲ್ಲಿ ಬಡವಾಗಿದ್ದರು. ಯಶಶ್ರೀ ಶ್ರುತಿ ಹಾಕಿ, ಲ್ಯಾಪ್‌ಟಾಪು ಒತ್ತಿ, ಪುಸ್ತಕ ತೆರೆದಳು.

ಹನ್ನೊಂದನೇ ಪದ್ಯದಲ್ಲಿ ಆ ಉಸಿರು ಬಂತು. ಅಣ್ಣ ರಾಗ ಎತ್ತಿದರು. ಮುಂದಿನ ಸಾಲು ನನ್ನ ನಾಲಗೆಯ ತುದಿಗೆ ತಾನಾಗಿ ಬಂದು ಕೂತಿತು. ಯಶಶ್ರೀ ಪುಸ್ತಕದಿಂದ ತಲೆ ಎತ್ತಿ ನನ್ನನ್ನೇ ನೋಡಿದಳು. ಹೇಳುತ್ತೀರಾ ಎಂದು ಕೇಳಿದಳೋ, ಹೇಳಬೇಡಿ ಎಂದಳೋ. ಮೂರನೇ ಸಾಲಿನಿಂದ ನಾನು ಎತ್ತಿಕೊಟ್ಟರೆ ಇಡೀ ಮಂದಿರಕ್ಕೆ ಕೇಳಿಸುತ್ತದೆ. ಪುಸ್ತಕವಿಲ್ಲದೆಯೂ ಸುಪ್ರಜಾಗೆ ಗೊತ್ತು ಎಂದು ಎಲ್ಲರಿಗೂ ತಿಳಿಯುತ್ತದೆ. ಅಣ್ಣನಿಗೆ ಗೊತ್ತಿಲ್ಲ ಎಂದೂ ತಿಳಿಯುತ್ತದೆ. ಬಾಯಿ ತೆರೆದಿದ್ದೆ, ಸುಳ್ಳು ಹೇಳುವುದಿಲ್ಲ. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡೆ. ಅವಳು ತಲೆ ತಗ್ಗಿಸಿದಳು. ತುಟಿ ಅಲುಗಿತು. ಸಾಲು ಬಂತು.

ಗಂಡಸರ ಕಡೆಯಿಂದ ನಂಜಪ್ಪನವರು ನನ್ನತ್ತ ಬಗ್ಗಿ, "ನೋಡಿದ್ಯೇನಮ್ಮ, ಎಂಥಾ ಆಲಾಪ," ಎಂದರು.

"ಹೌದು ಸರ್," ಎಂದೆ.

ಎಣಿಸಬಾರದು ಎಂದುಕೊಂಡೇ ಬಂದಿದ್ದೆ. ಹೆಬ್ಬೆರಳು ಕೇಳಬೇಕಲ್ಲ, ಬೆರಳ ಗೆಣ್ಣುಗಳ ಮೇಲೆ ತಾನೇ ಹತ್ತಿ ಇಳಿಯಿತು. ಮಂಗಳ ಮುಗಿಯುವ ಹೊತ್ತಿಗೆ ಆರು.

ಜನರೆಲ್ಲ ಪ್ರಸಾದ ತೆಗೆದುಕೊಂಡು ಹೋದರು. ನಾನು ಹೋಗಿ ಅಣ್ಣನ ಕಾಲಿಗೆ ನಮಸ್ಕಾರ ಮಾಡಿದೆ.

"ಬಂದ್ಯಲ್ಲ," ಎಂದರು. ಶಾಲಿನ ಅಂಚನ್ನು ನೋಡುತ್ತ, "ಎಷ್ಟು ಕಡೆ?" ಎಂದರು.

ಶ್ರುತಿಪೆಟ್ಟಿಗೆ ಮುಚ್ಚುತ್ತಿದ್ದ ಯಶಶ್ರೀಯ ಕೈ ಅಲ್ಲಿಗೇ ನಿಂತಿತು.

"ಒಂದೇ ಕಡೆ ಅಣ್ಣ."

ಅಣ್ಣ ನನ್ನ ಮುಖ ನೋಡಿ ನಕ್ಕುಬಿಟ್ಟರು. "ಇವಳ ಹತ್ರ ಕಲಿತ್ಯಾ? ಇವಳಿಗೂ ಸರಿಯಾಗಿ ಬರಲ್ಲ, ನಿಂಗೆ ಮೊದಲೇ ಬರಲ್ಲ. ಹೇಳು."

"ಆರು."

"ಏಳು," ಎಂದರು ಅಣ್ಣ. "ಒಂದು ಕಡೆ ಬರ್ಲೇ ಇಲ್ಲ. ರಾಗ ಎಳೆಯಕ್ಕೂ ಮನಸ್ಸಾಗ್ಲಿಲ್ಲ, ನಾನೇ ಒಂದು ಪದ ಕಟ್ಟಿ ಹಾಕ್ದೆ. ಮಾತ್ರೆ ಕೆಡ್ಲಿಲ್ಲ ನೋಡು. ಅದಕ್ಕೇ ನಿನ್ನ ಕಿವಿಗೂ ಸಿಗ್ಲಿಲ್ಲ." ಹೇಳುವಾಗ ಅವರ ಮುಖದಲ್ಲಿ, ನಾಲ್ಕು ತಿಂಗಳ ಹಿಂದೆ ಅಲ್ಲ, ನನಗೆ ಒಂಬತ್ತು ವರ್ಷವಾಗಿದ್ದಾಗ ಇದ್ದ ಹಮ್ಮು ಇತ್ತು.

"ಯಾವ ಪದ್ಯ?"

"ಹುಡುಕ್ಕೋ," ಎಂದು ಎದ್ದು ಕೈ ತೊಳೆಯಲು ಹೋದರು.

ಯಶಶ್ರೀಯ ಪಕ್ಕ ಕೂತೆ. "ರೆಕಾರ್ಡ್ ಆಗಿದೆಯಾ?"

"ಆಗಿದೆ ಅಕ್ಕ."

"ಆ ಏಳನೇದು ನಿಂಗೆ ಗೊತ್ತಾಗಿತ್ತಾ?"

ಅವಳು ನೆಲ ನೋಡುತ್ತ ತಲೆ ಆಡಿಸಿದಳು. ಗೊತ್ತಾಗದೆ ಏನು, ಪುಸ್ತಕ ಇದ್ದದ್ದು ಅವಳ ತೊಡೆಯ ಮೇಲೆ. "ಹೇಳ್ಲಾ ಅಕ್ಕ?"

"ಹೇಳ್ಬೇಡ," ಎಂದೆ. ಕೈ ಚಾಚಿದೆ. ಅವಳು ಪುಸ್ತಕ ಕೊಟ್ಟಳು. ಕಣ್ಣಿಗೊತ್ತಿಕೊಂಡು, ತೊಡೆಯ ಮೇಲೆ ತೆರೆದಿಟ್ಟುಕೊಂಡು, ಸಂಧಿಯ ಮೊದಲ ಸಾಲಿನ ಮೇಲೆ ಬೆರಳಿಟ್ಟೆ.

"ಮೊದಲಿಂದ ಹಾಕು."